ಒಡೆದ ಹಾಲೂ ನಮ್ಮ ಭಾವಮೈದನೂ

ಸ್ನೇಹಿತರೇ, ನನ್ನ ಭಾವಮೈದ ಸೀನನನ್ನು ಯಾರಾದರೂ ಕರೆದುಕೊಂಡು ಹೋಗಿ, ನಿಮಗೆ ಪುಣ್ಯ ಬರುತ್ತದೆ.

ಯುದ್ಧದ ದೆಸೆಯಿಂದ ಹೊಸಕೋಟೆಯಲ್ಲಿ ಸಕ್ಕರೆ ಸಿಗುತ್ತಿಲ್ಲ. ನಮ್ಮ ಹೋಟೆಲಿನಲ್ಲೀಗ ಬೆಲ್ಲದ ಕಾಫಿ. ಇವತ್ತು ಬೆಳಿಗ್ಗೆ ಈ ಮಹಾರಾಯ ಕುದಿಯುವ ಹಾಲಿಗೇ ಬೆಲ್ಲ ಸುರಿದ. ಹಾಲೆಲ್ಲ ಒಡೆದುಹೋಯಿತು. ಸಂತೆಯ ದಿನ ಬೇರೆ, ಕೂರಲು ಜಾಗವಿಲ್ಲದಷ್ಟು ಜನ.

“ಕಾಫಿ ಇಲ್ವಾ? ನಡೀರ್ಲಾ, ಎದುರು ಹೋಟ್ಲಿಗೆ ಹೋಗಾನ. ಇನ್ನು ಈ ಕಡೆ ತಲೆ ಹಾಕಬಾರ್ದು!” ಎಂದು ಗಿರಾಕಿಗಳು ಎದ್ದೇಬಿಟ್ಟರು.

ತಪ್ಪಾಯಿತು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಸೀನ ಕೂಗಿದ: “ಕೂತ್ಕೊಳ್ಳಿ ಸ್ವಾಮಿ! ನಮ್ಮ ಭಾವನ ಹಸು ಕರು ಹಾಕಿದೆ. ಎಲ್ರಿಗೂ ಪುಕ್ಕಟೆ ಗಿಣ್ಣು!”

ಒಡೆದ ಹಾಲು ದೊನ್ನೆದೊನ್ನೆಯಾಗಿ ಖಾಲಿಯಾಯಿತು. ಬೈಯುತ್ತಿದ್ದವರೇ ನನ್ನನ್ನು ಧರ್ಮಾತ್ಮ ಎಂದರು. ಸೀನ ಮೀಸೆ ತಿರುವಿದ.

ಎರಡು ದೊನ್ನೆ ಮುಗಿಸಿದ ರೈತ ಮುನಿಯಪ್ಪ ಕೈ ತೊಳೆದು ಬಂದ. “ಗಿಣ್ಣು ವಸಿ ತೆಳ್ಳಗಾಯ್ತು, ಆದ್ರೂ ರುಚಿಯಾಗೈತೆ. ನಾಳೆ ಬತ್ತೀನಿ ಸ್ವಾಮಿ, ಕರು ತೋರ್ಸಿ. ಹೋರಿಗರು ಆದ್ರೆ ನಮ್ಗೇ ಕೊಡ್ಬೇಕು.”

“ಧಾರಾಳವಾಗಿ ಬನ್ನಿ,” ಅಂದ ಸೀನ.

ನಮ್ಮ ಮನೆಯಲ್ಲಿ ಹಸುವೇ ಇಲ್ಲ. ಗಿಣ್ಣನ್ನೇನೋ ಅವನು ಹುಟ್ಟಿಸಿದ. ಬೆಳಗಾಗುವುದರೊಳಗೆ ಕರುವನ್ನು ನಾನು ಎಲ್ಲಿಂದ ಹುಟ್ಟಿಸಲಿ?