ಚುಕ್ಕಿ ಅಣ್ಣ ನಂಬಿದ ಪರದೆ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಚುಕ್ಕಿ ಅಣ್ಣ ಎನ್ನುತ್ತಿದ್ದರು. ಗಾಲಿಕುರ್ಚಿ, ಸ್ಕ್ಯಾನರು, ಉಸಿರಾಟದ ಯಂತ್ರ, ಹೀಗೆ ಕೈಯಿಂದ ಕೈಗೆ ಓಡಾಡುವ ಸಾಮಾನಿಗೆಲ್ಲ ಅಂಗಿಯ ಗುಂಡಿಯಷ್ಟಗಲದ ಬಿಲ್ಲೆ ಅಂಟಿಸಿದವನು ಅವನೇ. ಬಿಲ್ಲೆ ತನ್ನ ನಂಬರನ್ನು ಸದ್ದಿಲ್ಲದೆ ಗಾಳಿಗೆ ಬಿಡುತ್ತಿತ್ತು. ಛಾವಣಿಗೆ ಜಡಿದ ಪೆಟ್ಟಿಗೆಗಳಲ್ಲಿ ಯಾವುದಕ್ಕೆ ಅದು ಜೋರಾಗಿ ಕೇಳಿಸುತ್ತದೋ ಆ ಕೋಣೆಯಲ್ಲಿ, ಅವನ ಪರದೆಯ ಮೇಲೆ, ಒಂದು ಹಸಿರು ಚುಕ್ಕಿ. ಒಂದೊಂದು ಯಂತ್ರಕ್ಕೂ ಮೂರು ಮಹಡಿ ಹತ್ತಿಳಿಯುತ್ತಿದ್ದ ನರ್ಸ್‌ಗಳು ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು. ಅವನೂ ಇಳಿಯುವ ಮನಸ್ಸು ಮಾಡಲಿಲ್ಲ.

ಒಂದು ಸೋಮವಾರ ಎರಡನೇ ಮಹಡಿಯ ಹಿರಿಯ ನರ್ಸ್ ಫೋನ್ ಮಾಡಿ, ಹೊಸ ಸ್ಕ್ಯಾನರು ಕಾಣಿಸುತ್ತಿಲ್ಲ ಎಂದಳು. ಪರದೆಯಲ್ಲಿ ಚುಕ್ಕಿ ಸಾಮಾನಿನ ಕೋಣೆಯಲ್ಲೇ ಇತ್ತು.

"ಅಲ್ಲೇ ಇದೆ ಸಿಸ್ಟರ್, ಸರಿಯಾಗಿ ನೋಡಿ."

"ಅದೇ ಕೋಣೇಲಿ ನಿಂತು ಮಾತಾಡ್ತಿದೀನಿ ಅಣ್ಣ. ಇಲ್ಲ."

ಅವನು ನಕ್ಕು ಫೋನಿಟ್ಟ. ಮೇಲಧಿಕಾರಿಗಳು ಕೇಳಿದಾಗಲೂ, ಯಾವುದೋ ಮೂಲೆಗೆ ತಳ್ಳಿರಬೇಕು ಎಂದು ತೇಲಿಸಿದ.

ಗುರುವಾರ ಆಕೆ ಕೆಲಸದಲ್ಲಿದ್ದ ಹೊತ್ತಿಗೆ ಚುಕ್ಕಿ ಆರಿತು. ಹುಡುಕಿದರೆ ಯಂತ್ರವಿಲ್ಲ. ವಿಚಾರಣೆಯಲ್ಲಿ ಅವನು, ಗುರುವಾರದವರೆಗೆ ಅದು ಅಲ್ಲೇ ಇತ್ತೆಂದು ಎದೆ ತಟ್ಟಿ ಹೇಳಿದ. ಹಾಗಾದರೆ ಮೂರು ದಿನ ಮೊದಲೇ ಇಲ್ಲವೆಂದವಳು ಕದಿಯಲೆಂದೇ ಸುಳ್ಳು ಹೇಳಿದಳೆಂದು ಅನುಮಾನ ಬೀಳದೆ ಇನ್ನೇನು? ಹದಿನೆಂಟು ವರ್ಷ ದುಡಿದವಳು ಕೆಲಸ ಬಿಡಬೇಕಾಯಿತು.

ಎರಡು ತಿಂಗಳ ನಂತರ ಸುಣ್ಣ ಬಳಿಯುವವರು ಆ ಕೋಣೆಯ ಕಪಾಟು ಸರಿಸಿದಾಗ, ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನವೊಂದು ಸಿಕ್ಕಿತು. ಬ್ಯಾಟರಿ ಮುಗಿದಿತ್ತು. ಹೊಸ ಬ್ಯಾಟರಿ ಹಾಕಿದ ಕೂಡಲೇ ಪರದೆಯಲ್ಲಿ ಸ್ಕ್ಯಾನರಿನ ಚುಕ್ಕಿ ಹೊತ್ತಿತು. ಕದ್ದವರು ಯಂತ್ರ ಒಯ್ದು, ಅದರ ಬಿಲ್ಲೆಯ ನಂಬರನ್ನೇ ಕೂಗುವ ನಕಲಿಯನ್ನು ಬಿಟ್ಟುಹೋಗಿದ್ದರು.

ಹೀಗಾಗಬಹುದೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಪೆಟ್ಟಿಗೆ ಪ್ರತಿಸಲ ಹೊಸ ಪ್ರಶ್ನೆ ಕೇಳಿ, ಬಿಲ್ಲೆ ತನಗಷ್ಟೇ ಗೊತ್ತಿರುವ ಗುಟ್ಟಿನಿಂದ ಕೊಡುವ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆದರೆ, ನಕಲಿಯ ಆಟ ನಡೆಯುವುದಿಲ್ಲ: ಅದಕ್ಕೆ ಗುಟ್ಟು ಗೊತ್ತಿಲ್ಲ, ದೂರದ ಅಸಲಿಯಿಂದ ಉತ್ತರ ತರಿಸಿಕೊಂಡರೆ ತಡವಾಗಿ ಸಿಕ್ಕಿಬೀಳುತ್ತದೆ. ಅಂಥ ಬಿಲ್ಲೆಗಳ ಬಗ್ಗೆ ಓದಿಯೂ ಇದ್ದ. ಆಸ್ಪತ್ರೆಯಲ್ಲಿ ಅಂಥ ಕಿಲಾಡಿಗಳು ಯಾರಿರುತ್ತಾರೆ ಎಂದು ಮುಂದೂಡಿದ್ದ.

ಆಸ್ಪತ್ರೆಗೆ ತಪ್ಪೊಪ್ಪಿಗೆ ಬರೆದುಕೊಟ್ಟು ಆ ನರ್ಸ್‌ ಮನೆಗೆ ಹೋದ. ಆಕೆ ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡಳು.

"ಯಂತ್ರ ಮೋಸ ಹೋಯ್ತು, ಸರಿ. ಒಂದ್ಸಲ ಬಂದು ನೋಡಬಹುದಿತ್ತಲ್ಲ ಅಣ್ಣ? ನನ್ನ ಮಾತಿಗೆ ಅಷ್ಟೂ ಬೆಲೆ ಇರ್ಲಿಲ್ವಾ?"

ಅವನು ನೀರಿನ ಲೋಟ ಕೆಳಗಿಟ್ಟು ಎದ್ದ.

ಆಸ್ಪತ್ರೆ ಕ್ಷಮೆ ಕೇಳಿ ಮತ್ತೆ ಕರೆಯಿತು. ಆಕೆ ಒಪ್ಪಲಿಲ್ಲ, ಸಣ್ಣ ಕ್ಲಿನಿಕ್ ಒಂದಕ್ಕೆ ಸೇರಿದಳು. ನಾನೂರು ಬಿಲ್ಲೆಗಳನ್ನೂ ಅವನು ತಾನೇ ಕೂತು ಬದಲಿಸಿದ. ಆ ಕ್ಲಿನಿಕ್ ಇರುವ ಬೀದಿಯಲ್ಲಿ ಮಾತ್ರ ಇವತ್ತಿಗೂ ತಲೆಯೆತ್ತಿ ನಡೆಯಲಾರ.