ಮಾಮಾ ಇನ್ನೊಂದೀಟು ಉಜ್ಜಿದ ಪೋರ್ಟ್

ಹೋದ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ. ಇಂಡಿ ಪಟ್ಟಣದಲ್ಲಿ ನಮ್ಮ ಗುರುಬಾಯಿ ಅತ್ತಿ ಇಳಕಲ್ ಸೀರೆ ಉಟ್ಟು, ಮಾಮಾನ ಹಳೆಯ ಮೋಟರ್‌ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಕೂತರು. ಮಾಮಾ ಗಿಯರ್ ಹಾಕಿದರು. ಗಾಡಿ ಗುರ್ ಎಂದಿತು. ಸತ್ತಿತು.

ಮತ್ತೆ ಕಿಕ್. ಮತ್ತೆ ಗುರ್. ಮತ್ತೆ ಸತ್ತಿತು.

ಎದುರುಮನೆಯ ಕಾಶವ್ವ ಕಟ್ಟೆಯ ಮೇಲಿಂದಲೇ ಕೇಳಿದಳು: “ಯಾಕ ಗುರುಬಾಯಿ, ಹೋಳಿಗಿಗೆ ತುಪ್ಪ ಬಾಳ ಆತೇನ ಬೇ?”

ಅತ್ತಿ ಇಳಿದರು. ಇಳಿದದ್ದೇ ತಡ, ಮುಂದಿನ ಕಿಕ್ಕಿಗೇ ಗಾಡಿ ನೆಗೆದು ಓಣಿಯ ಏರು ಹತ್ತಿ ಮಾಯವಾಯಿತು. (ಮಾಮಾ ಅದರ ಮೇಲೇ ಇದ್ದರು, ಪಾಪ.) ಮದುವೆಯಾದಾಗಿನಿಂದ ಪ್ರತಿ ಅಮಾವಾಸ್ಯೆಗೆ ಬಸವನ ಬಾಗೇವಾಡಿಗೆ ಇಬ್ಬರೂ ಇದೇ ಗಾಡಿಯಲ್ಲಿ ಹೋಗುವವರು. ಆ ಸೀಟು ಅತ್ತಿಯದು. ಅದರ ಮೇಲೆ ಮಕ್ಕಳಿಗೂ ಹಕ್ಕಿಲ್ಲ.

ಮಾಮಾ ತಿರುಗಿ ಬರುವಷ್ಟರಲ್ಲಿ ಅತ್ತಿ ಚೀಲ ಬಗಲಿಗೆ ಹಾಕಿಕೊಂಡಿದ್ದರು. “ನಂಗ ಬಸ್ ಪುಕ್ಕಟ ಐತಿ. ಗಾಡಿ ಬೇಕೋ, ನಾ ಬೇಕೋ, ಮುಂದಿನ ಅಮಾಸಿಗೆ ಹೇಳ್ರಿ.” ಹೊರಟೇಬಿಟ್ಟರು.

ಇದಕ್ಕೆಲ್ಲ ಕಾರಣ ಯಾರು? ಮುದ್ದೇಬಿಹಾಳದ ಚನ್ನಪ್ಪನವರು. ಮಾಮಾನ ಬೀಗರು, ಅಂದರೆ ಮಗಳ ಮಾವ. ಹೊಸ ಗಾಡಿ ಕೊಂಡವರು. ಮಾಮಾ ತಮ್ಮ ಟೂ ಸ್ಟ್ರೋಕ್ ಹೊಡೆದುಕೊಂಡು ಅವರ ಮನೆಗೆ ಹೋದಾಗ ಬಾಗಿಲಲ್ಲೇ ಹೀಗಂದರಂತೆ: “ಬೀಗರ, ನೀವು ಓಣ್ಯಾಗ ಬಂದ್ರ, ಸೊಳ್ಳಿಗೆ ಹೊಗಿ ಹಾಕಾಕ ಪುರಸಭೆಯವ್ರು ಬಂದ್ರು ಅಂತ ಮಂದಿ ಕಿಡಕಿ ಮುಚ್ಕೋತಾರ್ರಿ!”

ಬೀಗರ ಮಾತನ್ನು ನಕ್ಕು ನುಂಗಬೇಕು. ಮಾಮಾ ನಕ್ಕರು. ನುಂಗಲಿಲ್ಲ. ಮರುದಿನವೇ ನನ್ನನ್ನು ಸ್ಕೂಟರಿನಲ್ಲಿ ಹಿಂದೆ ಬರಹೇಳಿ ಸಿಂದಗಿಯ ದಸ್ತಗೀರ ಮೇಸ್ತ್ರಿಯ ಗ್ಯಾರೇಜಿಗೆ ಹೋದರು.

ದಸ್ತಗೀರ ಎಂಜಿನ್ ಬಿಚ್ಚಿ, ಪಿಸ್ಟನ್ ಓಡಾಡುವ ಸಿಲಿಂಡರನ್ನು (ಗ್ಯಾರೇಜಿನ ಭಾಷೆಯಲ್ಲಿ ಬ್ಲಾಕ್) ಕೈಗೆ ಕೊಟ್ಟ. ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಗೀಲ್ವ್ ಇಲ್ಲ. ಬ್ಲಾಕಿನ ಗೋಡೆಯಲ್ಲೇ ಕಿಂಡಿಗಳು. ಪೆಟ್ರೋಲಿನ ಗಾಳಿ ಒಂದರಿಂದ ಬರುತ್ತದೆ, ಹೊಗೆ ಇನ್ನೊಂದರಿಂದ ಹೋಗುತ್ತದೆ. ಪೋರ್ಟ್ ಅಂದರೆ ಇವೇ. ಇವುಗಳ ಅಂಚು ತಿದ್ದಿದರೆ ಗಾಡಿಯ ಸ್ವಭಾವವೇ ಬದಲು.

“ಇದು ಹೊಗಿ ಹೋಗೋ ಬಾಗಲಾರಿ ಕಾಕಾ,” ಎಂದ ದಸ್ತಗೀರ. “ಮ್ಯಾಲಿನ ಅಂಚ ಒಂಚೂರ ಎತ್ತರಿಸಿದ್ರ ಓಟದಾಗ ಕುದರಿ ಆಕ್ಕೈತಿ. ಬಾಳ ಎತ್ತರಿಸಿದ್ರ ಏರಿನ್ಯಾಗ ಹಟಮಾರಿ ಕತ್ತಿ ಆಕ್ಕೈತಿ.”

ಅಳೆದು, ಗುರುತು ಹಾಕಿ, ಅರದಿಂದ ಉಜ್ಜಿದ. ಪಿಸ್ಟನ್ ರಿಂಗ್ ಸಿಕ್ಕಿಬೀಳಬಾರದೆಂದು ಅಂಚನ್ನು ಪಾಲೀಶ್ ಪೇಪರಿನಿಂದ ನುಣುಪು ಮಾಡಿದ. “ನಮಾಜಿಗೆ ಹೋಗಿ ಬರ್ತೇನಿ. ಯಾರೂ ಮುಟ್ಟಬ್ಯಾಡ್ರಿ,” ಅಂದು ಹೋದ.

ಮುಟ್ಟಬೇಡ ಅಂದರೆ ಬಿಡುವವರೇ ನಮ್ಮ ಮಾಮಾ?

ಒಂದು ಮಾತು ಹೇಳಬೇಕು. ನಮ್ಮ ಕಡೆ ಊಟಕ್ಕೆ ಕೂತವರು ಸಾಕು ಅಂದರೆ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. “ಇನ್ನೊಂದೀಟ” ಅಂದು ಬಡಿಸುತ್ತಾರೆ. ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸುತ್ತಾರೆ. ಈ ಪದ್ಧತಿ ಹೋಳಿಗೆಗೆ ಸರಿ. ಪೋರ್ಟಿಗೆ?

ಮಾಮಾ ಅರ ಎತ್ತಿಕೊಂಡರು. ನಾನು ಅಲ್ಲೇ ಚುರುಮುರಿ ತಿನ್ನುತ್ತಿದ್ದೆ.

“ಸಾಕ್ರಿ ಮಾಮಾ.”

“ಇನ್ನೊಂದೀಟ.”

“ಅಂವ ಬ್ಯಾಡ ಅಂದಾನ್ರಿ.”

“ಅಂವ ಮುದ್ದೇಬಾಳದ ಬೀಗನ್ನ ನೋಡಿಲ್ಲೋ! ಇನ್ನೊಂದೀಟ.”

ದಸ್ತಗೀರ ಬಂದು ಬ್ಲಾಕ್ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. “ಕಾಕಾ, ನಾ ಕಿಡಕಿ ಮಾಡಿದ್ದೆ. ನೀವು ಊರ ಅಗಸಿ ಬಾಗಲಾ ಮಾಡೀರಿ. ತಗದ ಕಬ್ಬಿಣಾ ಮತ್ತ ಹೆಂಗ ಹಚ್ಚೂದ್ರಿ?”

ಹೀಗಾಗಿ ಗಾಡಿ ಜೋರಾಗಿ ಕಿರುಚಿದಾಗ ಮಾತ್ರ ಗಾಡಿ. ನಿಧಾನಕ್ಕೆ ಏರು ಹತ್ತು, ಹಿಂದೆ ಒಬ್ಬರನ್ನು ಹೊತ್ತುಕೋ ಅಂದರೆ ಮುನಿಸು. ಮಾಮಾನ ಮನೆಯ ಓಣಿಯೋ, ಪೂರಾ ಏರು.

ಆ ಅಮಾವಾಸ್ಯೆಯಿಂದ ಅತ್ತಿ ಹದಿನೈದು ದಿನ ಮಾಮಾನಿಗೆ ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಮಾಮಾ ಒಂದು ಹಳೆಯ ಬ್ಲಾಕಿಗಾಗಿ ಚಡಚಣದ ತನಕ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದರು. ಸಿಗಲಿಲ್ಲ.

ಅಷ್ಟರಲ್ಲಿ ಇಂಡಿಯಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ. ಮುದ್ದೇಬಿಹಾಳದ ಬೀಗರು ಬಂದರು. ಆಯೇರಿ, ಅಂದರೆ ಉಡುಗೊರೆ, ಮಾಡುವ ಹೊತ್ತು. ಚನ್ನಪ್ಪನವರು ಮಾಮಾನ ಮುಂದೆ ತಾಟು ಹಿಡಿದರು. ಧೋತರ, ಟವೆಲ್, ತೆಂಗಿನಕಾಯಿ, ಮತ್ತೆ ಅರಿಶಿನ ಕುಂಕುಮ ಹಚ್ಚಿದ ಒಂದು ಕಬ್ಬಿಣದ ಮುದ್ದೆ.

ಬ್ಲಾಕ್! ಅದೇ ಮಾಡೆಲ್ಲು. ಪಿಸ್ಟನ್ ಸಮೇತ. ಅರ ಮುಟ್ಟದ್ದು.

“ಸೊಸಿ ಎಲ್ಲಾ ಹೇಳಿದ್ಲ್ರಿ ಬೀಗರ,” ಅಂದರು ಚನ್ನಪ್ಪ. “ನನ್ನ ಕಡೇನೂ ಇದ ಗಾಡಿ ಇತ್ತು. ಎಲ್ಲಾ ಗುಜರಿಗೆ ಹಾಕಿದೆ. ಇದೊಂದ ಹಾಕಾಕ ಮನಸಾಗಲಿಲ್ಲ.”

ಪುರಸಭೆಯ ಹೊಗೆ ಅಂದವರ ಕಣ್ಣು ನೀರಾಡುತ್ತಿತ್ತು. ಮಾಮಾ ತಾಟು ಬಿಟ್ಟು ಬೀಗರನ್ನೇ ತಬ್ಬಿಕೊಂಡರು. ತೊಟ್ಟಿಲ ಕೂಸನ್ನು ಬಿಟ್ಟು ಮಂದಿಯೆಲ್ಲ ಬ್ಲಾಕಿನ ಸುತ್ತ!

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಬೀಗರ ಬ್ಲಾಕ್ ಹಾಕಿಸಲು ಮಾಮಾ ಸಿಂದಗಿಗೆ ಹೊರಟಾಗ ಅತ್ತಿ ಬಾಗಿಲಿಗೆ ಬಂದರು. “ತಡೀರಿ. ಆ ಇನ್ನೊಂದೀಟಿನ್ಯಾಗ ಅಂಥಾದೇನೈತಿ ಅಂತ ಒಮ್ಮೆ ನೋಡೇ ಬಿಡ್ತೇನಿ.”

ಏರು ಮುಗಿಯುವ ತನಕ ನಡೆದರು. ಅಲ್ಲಿಂದ ಮುಂದೆ ಇಳಿಜಾರು. ಸೆರಗಿನ ಮೇಲೆ ಹೆಲ್ಮೆಟ್ ಹಾಕಿ ತಮ್ಮ ಸೀಟಿನ ಮೇಲೆ ಕೂತರು. ಗಾಡಿ ಉರುಳಿತು, ಕೆಮ್ಮಿತು, ಎಚ್ಚರಾಯಿತು. ಹಿಂದೆ ನನ್ನ ಸ್ಕೂಟರು. ಹೊಲದ ನಡುವಿನ ಖಾಲಿ ರಸ್ತೆಗೆ ಬರುತ್ತಲೇ ಗಾಡಿ ಸಿಳ್ಳೆ ಹೊಡೆದು ಕಿತ್ತಿತು ನೋಡಿ! ಅತ್ತಿಯ ನಗು ಸೈಲೆನ್ಸರಿನ ಸದ್ದನ್ನೂ ದಾಟಿ ನನ್ನ ತನಕ ಬಂತು.

ಮೊನ್ನೆಯ ಅಮಾವಾಸ್ಯೆಗೆ ಇಬ್ಬರೂ ಬಾಗೇವಾಡಿಗೆ ಗಾಡಿಯಲ್ಲೇ ಹೋಗಿ ಬಂದರು. ಅತ್ತಿ ಏರಿನ ತುದಿಯ ತನಕ ನಡೆಯುತ್ತಾರೆ. (ಮೊಣಕಾಲಿಗೆ ಒಳ್ಳೆಯದಂತೆ.) ಬೀಗರ ಬ್ಲಾಕು ಅತ್ತಿಯ ಅಡಿಗೆಮನೆಯಲ್ಲಿದೆ, ಸೌಟು ನಿಲ್ಲಿಸಲು.

“ಹಾಕಸೂದಿಲ್ಲೇನ್ರಿ ಮಾಮಾ?” ಅಂದೆ.

“ನಿಮ್ಮತ್ತಿ ಬ್ಯಾಡ ಅಂತಾಳೋ,” ಅಂದರು ಮಾಮಾ, ದನಿ ತಗ್ಗಿಸಿ. “ಹಿಂದ ಕುಂತು ಹೆಗಲ ತಟ್ಟಿ ಏನಂತಾಳ ಗೊತ್ತೇನು? ‘ಇನ್ನೊಂದೀಟ!’”