ಎರಡಡಿ ಎತ್ತರದ ಸೀಟು ಹುಡುಕಿ ಮಾಗಡಿವರೆಗೆ

ಶನಿವಾರ ಬೆಳಿಗ್ಗೆ ಏಳೂವರೆಗೆ ಚನ್ನಪಟ್ಟಣದ ಬಸ್ ನಿಲ್ದಾಣಕ್ಕೆ ಹೋದಾಗ ನನ್ನ ಮೈದುನ ಸತೀಶ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ. ಮಂಜು ಇನ್ನೂ ಕರಗಿರಲಿಲ್ಲ, ಎದುರಿನ ಬೋರ್ಡೇ ಸರಿಯಾಗಿ ಕಾಣುತ್ತಿರಲಿಲ್ಲ. ಕನ್ನಡಕ ಯಾಕೋ ಎಂದೆ.

“ಕಾರು ನೋಡೋಕೆ ಹೋಗೋವಾಗ ಒಸಿ ಗತ್ತಾಗಿರ್ಬೇಕು ಅತ್ಗೆ. ಇಲ್ಲಾಂದ್ರೆ ಯಾಮಾರುಸ್ಬುಡ್ತಾರೆ.”

ಸತೀಶ ಹಿಂದೊಮ್ಮೆ ಎರಡು ವರ್ಷ ಟೆಂಪೊ ಓಡಿಸಿದ್ದ. ಅಷ್ಟರ ಬಲದ ಮೇಲೆ ನಮ್ಮ ಮನೆಯಲ್ಲಿ ವಾಹನದ ವಿಷಯ ಬಂದರೆ ಅವನದೇ ಕೊನೆಯ ಮಾತು. ನಾನು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡು ಮೂರು ತಿಂಗಳಾಗಿತ್ತು, ಅಷ್ಟೆ. ನನ್ನ ಕೈಚೀಲದಲ್ಲಿ ನೀರಿನ ಬಾಟಲಿಯ ಜೊತೆ ಬಟ್ಟೆ ಹೊಲಿಯುವವರ ಅಳತೆ ಟೇಪು ಇತ್ತು.

ಟೇಪು ನಮ್ಮೆಜಮಾನರಿಗೋಸ್ಕರ. ಅವರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟರು, ಇಪ್ಪತ್ತಾರು ವರ್ಷ ಮಕ್ಕಳನ್ನು ಮೈದಾನದಲ್ಲಿ ಓಡಿಸಿದವರು. ಸ್ಕೂಟರಿನಿಂದ ಬಿದ್ದು ಸೊಂಟದ ಕೀಲು ಮುರಿದು, ಹೊಸ ಕೀಲು ಹಾಕಿಸಿ ಐದು ತಿಂಗಳಾಗಿತ್ತು. ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆಂದು ರಾಮನಗರಕ್ಕೆ ಹೋಗಬೇಕು. ಆಟೋದಲ್ಲಿ ಕುಲುಕಿದರೆ ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆ ಪಕ್ಕದ ಮನೆಯವರ ತಗ್ಗಿನ ಕಾರಿನಲ್ಲಿ ಕೂರಿಸಿದೆವು, ಮತ್ತೆ ಎಬ್ಬಿಸಲು ನಾಲ್ಕು ಜನ ಬೇಕಾಯಿತು. ಅವತ್ತಿನಿಂದ ಅವರು ವ್ಯಾಯಾಮಕ್ಕೂ ಬರುವುದಿಲ್ಲ ಎಂದು ಹಟ ಹಿಡಿದು ಬಾಗಿಲ ಬಳಿಯ ಎತ್ತರದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಜೀಪಿನಂಥದ್ದಕ್ಕೆ ಅವರು ಹತ್ತಲಾರರು, ಕಾರಿನಂಥದ್ದಕ್ಕೆ ಇಳಿಯಲಾರರು. ಎರಡರ ನಡುವಿನದೊಂದು ಬೇಕಿತ್ತು. ನೆಲದಿಂದ ಸೀಟಿಗೆ ಎರಡಡಿ, ಹೆಚ್ಚೆಂದರೆ ಇನ್ನೆರಡು ಇಂಚು. ಹೊಸದಕ್ಕೆ ನಮ್ಮಲ್ಲಿ ಅನುಕೂಲವಿರಲಿಲ್ಲ.

ರಾಮನಗರ ಹನ್ನೆರಡು ಕಿಲೋಮೀಟರು. ನನಗೆ ಸೊನ್ನೆ ಟಿಕೆಟ್, ಸತೀಶನಿಗೆ ದುಡ್ಡು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಗಂಡಸರಿಗೆ ನಿಲ್ಲಲೂ ಜಾಗವಿಲ್ಲ ಎಂದು ಅವನು ದಾರಿಯುದ್ದಕ್ಕೂ ಗೊಣಗಿದ, ಕೂತುಕೊಂಡೇ.

ಹೆದ್ದಾರಿ ಪಕ್ಕದ ಹಳೇ ಕಾರುಗಳ ಅಂಗಡಿಯಲ್ಲಿ ಕೆಂಪು ಗಾಡಿಯೊಂದು ಫಳಫಳ ಹೊಳೆಯುತ್ತ ನಿಂತಿತ್ತು. ಮಾರುವವನು ಸತೀಶನ ಕೈ ಕುಲುಕಿ, ಬೆಲೆ ಹೇಳಿ, ಬಾಗಿಲು ತೆರೆದು ತೋರಿಸಿದ. ಕೊಳ್ಳುವವಳು ನಾನು ಎಂದು ಎರಡು ಸಲ ಹೇಳಿದರೂ, “ಮೇಡಂಗೆ ಕಲರ್ ಇಷ್ಟ ಆಯ್ತಾ ಕೇಳಿ ಸರ್” ಎಂದು ಅವನನ್ನೇ ಕೇಳಿದ. ನಾನು ಬಗ್ಗಿ ಟೇಪು ಹಿಡಿದೆ. ಇಪ್ಪತ್ತೈದು ಇಂಚು! ಖುಷಿಯಿಂದ ಒಳಗೆ ಕೂತರೆ ಮಲ್ಲಿಗೆ ಸೆಂಟಿನ ವಾಸನೆ ಮೂಗಿಗೆ ಹೊಡೆಯಿತು. ಅದರ ಅಡಿಯಲ್ಲಿ ಇನ್ನೇನೋ ಒಂದು, ಒಣಗದ ಬಟ್ಟೆಯ ಮುಗ್ಗು ವಾಸನೆ. ಡ್ರೈವಿಂಗ್ ಹೇಳಿಕೊಟ್ಟ ಮೇಷ್ಟರು ಹೇಳಿದ್ದು ನೆನಪಾಗಿ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಕೊನೆಯ ಒಂದು ಮೊಳದಲ್ಲಿ ಕೆಸರಿನ ಗೆರೆ ಎದ್ದು ಕಾಣುತ್ತಿತ್ತು.

“ಇದು ನೀರಲ್ಲಿ ಮುಳುಗಿದ ಗಾಡಿ ಅಲ್ವಾ?” ಎಂದೆ.

“ಅಯ್ಯೋ, ಅದು ಧೂಳು ಮೇಡಂ.” ಮೊದಲ ಸಲ ಅವನು ನನ್ನ ಮುಖ ನೋಡಿ ಮಾತಾಡಿದ.

ಹೊರಬಂದ ಮೇಲೆ ಸತೀಶ ಎಂದ: “ಚಕ್ರ ಮಾತ್ರ ಸೂಪರ್ ಆಗಿದ್ವು ಅತ್ಗೆ.”

ಅಲ್ಲಿಂದ ಕನಕಪುರಕ್ಕೆ ಮುಕ್ಕಾಲು ಗಂಟೆ. ಫೋನಿನಲ್ಲಿ ಬಿಳಿ ಗಾಡಿಯೊಂದರ ಫೋಟೋ ನೋಡಿ ಮುಂಚೆಯೇ ಮಾತಾಡಿದ್ದೆ, ಮಾರುವವರ ಹೆಸರು ಸಿದ್ದೇಗೌಡ. ಊರಾಚೆಯ ಅವರ ಮನೆ ತಲುಪುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಅಂಗಳದಲ್ಲಿ ಒಂದು ಟ್ರ್ಯಾಕ್ಟರು, ಎರಡು ಹಸು. ಗಾಡಿ ಕಾಣಲಿಲ್ಲ.

“ಬಾರವ್ವ, ಮೊದ್ಲು ಊಟ ಮಾಡಿ. ಅಷ್ಟ್ ದೂರ್‌ದಿಂದ ಬಂದಿದೀರ” ಎಂದರು ಗೌಡರು. ಮುದ್ದೆ, ಅವರೆಕಾಳು ಸಾರು, ಮೇಲೆ ಮಜ್ಜಿಗೆ. ಊಟ ಮಾತ್ರ ಬಹಳ ಚೆನ್ನಾಗಿತ್ತು. ಗಾಡಿ ಎಲ್ಲಿ ಎಂದು ಕೇಳಿದಾಗೆಲ್ಲ ಇನ್ನೊಂದು ಸೌಟು ಸಾರು ಬೀಳುತ್ತಿತ್ತು. ಕೈ ತೊಳೆದ ಮೇಲೆ ಅವರು ಹೆಗಲ ಮೇಲಿನ ಟವೆಲು ಕೊಡವಿ, ನೆಲ ನೋಡಿಕೊಂಡು ಹೇಳಿದರು.

“ಗಾಡಿ ಹಾರೋಹಳ್ಳೀಲೈತೆ ಕಣವ್ವ. ನಮ್ಮ ಅಳಿಯನ ತಾವ.”

ನನಗೆ ಮೈಯೆಲ್ಲ ಉರಿದುಹೋಯಿತು. ಹೊರಡುವ ಮುಂಚೆ ಎರಡು ಸಲ ಫೋನ್ ಮಾಡಿ, ಗಾಡಿ ಮನೆಯಲ್ಲೇ ಇದೆಯಾ ಎಂದು ಕೇಳಿಕೊಂಡೇ ಬಂದಿದ್ದೆ. ಆದರೆ ಅವರದೇ ಅನ್ನ ಉಂಡು ಅವರ ಮೇಲೆ ರೇಗುವುದು ಹೇಗೆ? ಅವರೇ ಹೇಳಿಕೊಂಡರು. ಮಗಳು ರೇಖಾ ಮಾಗಡಿಯಲ್ಲಿ ನರ್ಸು. ಮದುವೆಯಾದ ವರ್ಷ ಅವಳ ಹೆಸರಿನಲ್ಲೇ ಈ ಗಾಡಿ ತೆಗೆದುಕೊಟ್ಟರು, ಕಂತು ಅವಳ ಸಂಬಳದಲ್ಲೇ ಹೋಯಿತು. ಗಾಡಿ ಮಾತ್ರ ಅಳಿಯನದಾಯಿತು. ಅವನು ಅದರಲ್ಲಿ ಫ್ಯಾಕ್ಟರಿಗೆ ಹೋಗುತ್ತಿದ್ದ, ಅವಳು ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಗೆ ಹೋಗುತ್ತಿದ್ದಳು. ಈಗ ಅವಳು ಮಾಗಡಿಯಲ್ಲೇ ರೂಮು ಮಾಡಿಕೊಂಡಿದ್ದಾಳೆ.

“ನೀವೇ ಒಂದು ಕಿತ ಹೋಗಿ ನೋಡ್ಕಬನ್ನಿ. ಕೊಳ್ಳೋರು ಬಂದವ್ರೆ ಅಂದ್ರೆ ಅವನಿಗೂ ಗೊತ್ತಾಯ್ತದೆ, ಗಾಡಿ ಮಾರ್ತೀವಿ ಅನ್ನೋದು ಬರೀ ಬಾಯ್ಮಾತಲ್ಲ ಅಂತ” ಎಂದರು.

ಅಂದರೆ ಅವರ ಮನೆಯ ಜಗಳಕ್ಕೆ ನನ್ನನ್ನು ಮುಂದೆ ದೂಡುತ್ತಿದ್ದಾರೆ! ಹೋಗಬಾರದಿತ್ತು. ಹೋದೆ. ಬೇರೆ ಗಾಡಿ ಎಲ್ಲಿತ್ತು ನನಗೆ?

ಹಾರೋಹಳ್ಳಿಗೆ ಮತ್ತೆ ಬಸ್ಸು, ಅಲ್ಲಿಂದ ಕೈಗಾರಿಕಾ ಪ್ರದೇಶಕ್ಕೆ ಆಟೋ. ಫ್ಯಾಕ್ಟರಿಯ ಗೇಟಿನ ಹೊರಗೆ ಬೇವಿನ ಮರದ ನೆರಳಲ್ಲಿ ಬಿಳಿ ಗಾಡಿ ನಿಂತಿತ್ತು, ಬಾಗಿಲ ಮೇಲೆ ಉದ್ದಕ್ಕೆ ಒಂದು ಗೀರು. ಒಂದೂವರೆ ಗಂಟೆ ಕಾದ ಮೇಲೆ ಪಾಳಿ ಮುಗಿಸಿ ಅಳಿಯ ಹೊರಬಂದ. ಮುಖ ನೋಡಿದರೆ ಕೆಟ್ಟವನ ಹಾಗೆ ಕಾಣಲಿಲ್ಲ, ದಣಿದಿದ್ದ.

“ಮಾರಕ್ಕಾ? ಯಾರು ಹೇಳಿದ್ರು? ಗಾಡಿ ನಂದು” ಎಂದ.

“ಏನ್ ಗುರೂ, ನಿಮ್ ಮಾವ ಫೋಟೋ ಹಾಕವ್ರೆ…” ಎಂದು ಸತೀಶ ಕನ್ನಡಕ ಸರಿಮಾಡಿಕೊಂಡು ಮುಂದೆ ಹೋದ. ಇಬ್ಬರ ದನಿಯೂ ಏರಿತು. ಗೇಟಿನವನು ಎದ್ದು ನಿಂತ. ನಾನು ನಡುವೆ ಹೋಗಿ ಕೇಳಿದೆ: “ಆರ್‌ಸಿ ಪುಸ್ತಕದಲ್ಲಿ ಯಾರ ಹೆಸರಿದೆಯಪ್ಪಾ?”

ಅವನು ಕಾಲಲ್ಲಿ ಒಂದು ಕಲ್ಲು ಆಚೆ ನೂಕಿದ. ಒಂದು ಸಲ ಸೀಟಿನ ಎತ್ತರ ನೋಡಿಕೊಳ್ಳುತ್ತೇನೆ, ನಮ್ಮೆಜಮಾನರಿಗೆ ಸೊಂಟದ ಆಪರೇಷನ್ ಆಗಿದೆ ಎಂದೆ. ಏನನ್ನಿಸಿತೋ, ಬೀಗ ತೆಗೆದ. ಇಪ್ಪತ್ನಾಲ್ಕೂವರೆ ಇಂಚು. ಬೆಲ್ಟು ಎಳೆದೆ, ಕೊನೆಯವರೆಗೂ ಸ್ವಚ್ಛ. “ನೋಡಿದ್ರಲ್ಲ, ಹೊರಡಿ” ಎಂದು ಗಾಡಿ ಹತ್ತಿ, ಧೂಳೆಬ್ಬಿಸಿಕೊಂಡು ಹೋಗಿಬಿಟ್ಟ.

ಬೆಳಗಿನಿಂದ ಮೂರು ಊರು ಸುತ್ತಿ, ಬರಿಗೈಲಿ ಸಂಜೆ ಮನೆ ಸೇರಿದೆ. ಎಜಮಾನರು ಕುರ್ಚಿಯಿಂದಲೇ, “ಬುಟ್ಬುಡು, ನಾನೆಲ್ಲಿಗೂ ಹೋಗದಿಲ್ಲ” ಎಂದರು. ನನಗೆ ಆ ದಿನ ಬಂದ ಸಿಟ್ಟಿನಲ್ಲಿ ಅತಿ ದೊಡ್ಡದು ಆ ಮಾತಿಗೆ ಬಂತು.

ಭಾನುವಾರ ಬೆಳಿಗ್ಗೆ ಆರೂವರೆಗೆ ಫೋನು. ರೇಖಾ.

“ಅಕ್ಕಾ, ಗಾಡಿ ಮಾಗಡೀಲೈತೆ. ನೆನ್ನೆ ಸಾಯಂಕಾಲ ಅಪ್ಪ, ಊರ ಹಿರೀಕ್ರು ಹಾರೋಹಳ್ಳಿಗೆ ಹೋಗಿ ಕೂತ್ಕಂಡು ಮಾತಾಡಿ, ಕೀ ಇಸ್ಕೊಂಡು, ರಾತ್ರೀನೇ ಗಾಡಿ ಇಲ್ಲಿಗೆ ತಂದು ನಿಲ್ಸುದ್ರು. ಇವತ್ತೇ ಬನ್ನಿ. ನಾಳೆ ಆದ್ರೆ ಅಪ್ಪನ ಮನಸು ಬದಲಾದ್ರೂ ಆಯ್ತದೆ.”

ರಾಮನಗರದಲ್ಲಿ ಬಸ್ಸು ಬದಲಾಯಿಸಿ ಮಾಗಡಿ ತಲುಪಿದಾಗ ಹತ್ತೂವರೆ. ರೇಖಾ ರೂಮಿನ ಮುಂದೆ ಗಾಡಿಯ ಪಕ್ಕದಲ್ಲಿ ನಿಂತಿದ್ದಳು. ಮೂವತ್ತರ ಆಸುಪಾಸು, ಸಣ್ಣ ಮೈ, ಕಣ್ಣ ಕೆಳಗೆ ರಾತ್ರಿ ಪಾಳಿಯ ಕಪ್ಪು. ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದಳು: ಅವಳದೇ ಹೆಸರಿನ ಆರ್‌ಸಿ ಪುಸ್ತಕ, ಸಾಲ ತೀರಿದ ಬ್ಯಾಂಕಿನ ಪತ್ರ, ವಿಮೆ, ಹೊಗೆ ತಪಾಸಣೆ. ಸತೀಶ ಗಾಡಿಯ ಸುತ್ತ ಮೂರು ಸುತ್ತು ಬಂದು, ಟೈರು ಒದ್ದು, ಹಾಡಿನ ಪೆಟ್ಟಿಗೆ ಹಾಕಿ ನೋಡಿ, “ಪರವಾಗಿಲ್ಲ” ಎಂದ. ನಾನೇ ಪರಿಚಯದ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಎಂಜಿನ್ ಎಣ್ಣೆ ನೋಡಿದೆ, ತಣ್ಣಗಿದ್ದಾಗ ಶುರುಮಾಡಿ ಸದ್ದು ಕೇಳಿಸಿದೆ. ಬೆಲೆಗೆ ಹೆಚ್ಚು ಎಳೆದಾಡಲಿಲ್ಲ. ಅವಳು ಎಲ್ಲ ಕಾಗದಗಳಿಗೂ ಒಂದೇ ಉಸಿರಿಗೆ ಸಹಿ ಹಾಕಿದಳು.

ಎಲ್ಲ ಮುಗಿದಾಗ ಮಧ್ಯಾಹ್ನ ಎರಡು ಗಂಟೆ. ಕೀ ನನ್ನ ಕೈಗಿಡಲು ಬಂದವಳು ಹಾಗೇ ನಿಂತಳು.

“ಅಕ್ಕಾ, ತಪ್ಪು ತಿಳ್ಕೋಬೇಡಿ. ನನಗೂ ಲೈಸೆನ್ಸ್ ಐತೆ. ನಾಕು ವರ್ಷದಲ್ಲಿ ಒಂದು ದಿನಾನೂ ಇದನ್ನ ಓಡಿಸಿಲ್ಲ. ರಾಮನಗರದ ತನ್ಕ ನಾನೇ ಓಡುಸ್ಲಾ? ಅಲ್ಲಿಂದ ಅಪ್ಪನ ಮನೆಗೆ ಬಸ್ ಹಿಡಿತೀನಿ.”

ಸತೀಶ ನನ್ನ ಕಡೆ ಕಣ್ಣರಳಿಸಿ ಬೇಡವೆಂದು ತಲೆ ಅಲ್ಲಾಡಿಸಿದ. ಆ ಎರಡು ದಿನದಲ್ಲಿ ಅವನು ಬೇಡವೆಂದದ್ದನ್ನು ನಾನು ಬೇಕೆಂದೇ ಮಾಡಿದ ಒಂದು ಗಳಿಗೆಯೆಂದರೆ ಅದೇ. ಪಕ್ಕದ ಸೀಟಿನಲ್ಲಿ ಕೂತೆ.

ಮಾಗಡಿ ದಾಟುವಷ್ಟರಲ್ಲಿ ಗಾಡಿ ಮೂರು ಸಲ ನಿಂತುಹೋಯಿತು. ಹಿಂದಿನ ಲಾರಿಯವನು ಹಾರ್ನಿನ ಮೇಲಿಂದ ಕೈ ತೆಗೆಯಲೇ ಇಲ್ಲ. ಸತೀಶ ಹಿಂದಿನ ಸೀಟಿನಿಂದ “ಕ್ಲಚ್ಚು, ಕ್ಲಚ್ಚು” ಎಂದು ಕೂಗುತ್ತಲೇ ಇದ್ದ. ಅವನು ಪಕ್ಕದಲ್ಲಿಟ್ಟ ಬ್ಯಾಗಿನ ಭಾರವನ್ನು ಮನುಷ್ಯನೆಂದು ತಿಳಿದು, ಬೆಲ್ಟು ಹಾಕಿ ಎಂದು ಗಾಡಿಯೂ ಕುಂಯ್ ಎನ್ನುತ್ತಿತ್ತು. ಊರು ಮುಗಿದ ಮೇಲೆ ರೇಖಾಳ ಭುಜ ಸಡಿಲವಾಯಿತು. ರಾಗಿ ಕೊಯ್ಲಿನ ಹೊಲಗಳ ನಡುವೆ ರಸ್ತೆ ಖಾಲಿಯಿತ್ತು. ನಾಲ್ಕನೇ ಗೇರು ಬಿದ್ದಾಗ ಅವಳು ಯಾರನ್ನೂ ನೋಡದೆ ಒಂದು ಸಲ ನಕ್ಕಳು.

ಕೂಟಗಲ್ ಹತ್ತಿರ ಬರುವಾಗ ಹಿಂದಿನ ಎಡಚಕ್ರ ಪಂಕ್ಚರ್ ಆಯಿತು. ಸ್ಟೆಪ್ನಿ ಇತ್ತು. ಜಾಕ್ ಇರಲಿಲ್ಲ, ಸ್ಪ್ಯಾನರೂ ಇರಲಿಲ್ಲ.

“ಅವರೇ ತೆಕ್ಕಂಡಿರ್ತಾರೆ” ಎಂದಳು ರೇಖಾ, ಗಂಡನ ಮೇಲೆ ಸಿಟ್ಟಿಲ್ಲದೆ.

ನನಗೆ ಮಾತ್ರ ಎರಡು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂತು. “ಪರವಾಗಿಲ್ಲ ಅಂದ್ಯಲ್ಲೋ, ಡಿಕ್ಕಿ ತೆಗೆದು ನೋಡಿದ್ಯಾ?” ಎಂದು ಸತೀಶನಿಗೆ ನಡುರಸ್ತೆಯಲ್ಲಿ ಬೈದೆ. ಅವನು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. ಅರ್ಧ ಗಂಟೆ ಬಿಸಿಲಲ್ಲಿ ನಿಂತ ಮೇಲೆ ರಾಗಿಹುಲ್ಲು ಹೇರಿಕೊಂಡು ಒಂದು ಟ್ರ್ಯಾಕ್ಟರು ಬಂತು. ಓಡಿಸುತ್ತಿದ್ದವನು ಇಳಿದು ಗಾಡಿಯನ್ನೂ ಸತೀಶನನ್ನೂ ನೋಡಿದ.

“ಏನ್ಲಾ, ಇಷ್ಟ್ ದೊಡ್ ಗಾಡಿ ಮಡಿಕಂಡು ಒಂದ್ ಜಾಕಿ ಇಲ್ವೇನ್ಲಾ?”

“ಇವತ್ತೇ ತಗಂಡಿದ್ದು ಕಣಣ್ಣ.”

“ಹಂಗಾರೆ ಇನ್ನೂ ಏನೇನಿಲ್ವೋ ನೋಡ್ಕ” ಎಂದು ತನ್ನ ಜಾಕಿ ತಂದು ಕೊಟ್ಟ. ಚಕ್ರ ಬಿಚ್ಚಿ ಹಾಕಿದ್ದು ಸತೀಶನೇ. ಅದೊಂದನ್ನು ಬಹಳ ಚೊಕ್ಕವಾಗಿ ಮಾಡಿದ ಎಂದು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ. ಟ್ರ್ಯಾಕ್ಟರಿನವನು ಚಹಾಕ್ಕೂ ನಿಲ್ಲಲಿಲ್ಲ.

ರಾಮನಗರದ ಬಸ್ ನಿಲ್ದಾಣದ ಬಳಿ ರೇಖಾ ಗಾಡಿಯನ್ನು ನೇರವಾಗಿ, ಒಂದೇ ಸಲಕ್ಕೆ ಅಂಚಿಗೆ ನಿಲ್ಲಿಸಿದಳು. ಕೀ ಕೈಗೆ ಕೊಟ್ಟಳು. “ಮುಂದಿನ ಸಲ ಚಿಕ್ಕದೊಂದು ತಗತೀನಿ ಅಕ್ಕಾ. ಯಾರ್ಗೂ ಹೇಳ್ದೆ” ಎಂದು ಕನಕಪುರದ ಬಸ್ಸು ಹತ್ತಿದಳು. ಕಿಟಕಿಯ ಸೀಟು ಸಿಕ್ಕಿತ್ತು. ಬಸ್ಸು ಹೊರಡುವ ಮುಂಚೆಯೇ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಕೊನೆಯ ಹನ್ನೆರಡು ಕಿಲೋಮೀಟರು ನಾನು ಓಡಿಸಿದೆ.

ಮನೆ ಮುಂದೆ ನಿಲ್ಲಿಸಿದಾಗ ಐದೂವರೆ. ಎಜಮಾನರು ಬರುವುದಿಲ್ಲ ಎಂದರು. ಎರಡು ದಿನ ನಾಲ್ಕು ಊರು ಅಲೆದಿದ್ದೇನೆ, ಬರದಿದ್ದರೆ ಕುರ್ಚಿ ಸಮೇತ ಎತ್ತಿಸಿ ತರುತ್ತೇನೆ ಎಂದೆ. ವಾಕರ್ ಹಿಡಿದು ಬಂದರು. ಸೀಟಿಗೆ ಬೆನ್ನು ಮಾಡಿ ನಿಂತರು. ಕೈ ಊರಿ ಕೂತರು. ಬಗ್ಗಲಿಲ್ಲ, ಹತ್ತಲಿಲ್ಲ, ಬರೀ ಕೂತರು. ಕಾಲೆರಡನ್ನೂ ಮೆಲ್ಲಗೆ ಒಳಕ್ಕೆ ತಿರುಗಿಸಿದೆ. ಅವರ ಮುಖ ನೋಡುತ್ತಲೇ ಇದ್ದೆ. ನೋವಿನ ಗೆರೆ ಮೂಡಲಿಲ್ಲ.

ಹೆದ್ದಾರಿಯವರೆಗೆ ಹೋಗಿ ಬಂದೆವು. ಬಂದ ಮೇಲೆ ಇಳಿಯಲು ಒಪ್ಪಲಿಲ್ಲ. ಗಾಜು ಇಳಿಸಿ, ಬೀದಿಯಲ್ಲಿ ಹೋಗುವವರನ್ನೆಲ್ಲ ಹೆಸರು ಹಿಡಿದು ಕರೆದು ಮಾತಾಡಿಸುತ್ತಿದ್ದರು. ಕ್ರಿಕೆಟ್ ಆಡುತ್ತಿದ್ದ ಹುಡುಗರಿಗೆ ಮೊಣಕೈ ನೇರ ಇಟ್ಟು ಎಸೆಯಿರಿ ಎಂದು ಮೈದಾನದ ದನಿಯಲ್ಲಿ ಗದರಿದರು. ಐದು ತಿಂಗಳಿಂದ ಆ ದನಿ ಕೇಳಿರಲಿಲ್ಲ.

“ರೀ, ಊಟಕ್ಕಾಯ್ತು, ಇಳೀರಿ” ಎಂದೆ.

“ಇರೇ, ಒಸಿ ಹೊತ್ತು.”

ಮೂರು ಸಲ ಕರೆದು ಸಾಕಾಗಿ, ತಟ್ಟೆಯನ್ನು ಅಲ್ಲಿಗೇ ತಂದು ಕೈಗಿಟ್ಟೆ. ಸೀಟಿನ ಮೇಲೆ ಸಾರು ಚೆಲ್ಲಿದರೆ ನಾನು ಸುಮ್ಮನಿರುವವಳಲ್ಲ ಎಂದು ಹೇಳಿಯೇ ಕೊಟ್ಟೆ.

ಚೆಲ್ಲಿದರು. ನಾನು ಸುಮ್ಮನೇ ಇದ್ದೆ.